ಉಸಿರಿನ ಲೆಕ್ಕದಲ್ಲಿ ಬೆಳೆದ ಮೈಸೂರು ಯೋಗ

‘ಏಕಂ’ ಎಂದೊಡನೆ ಉಸಿರು ಒಳಗೆ, ತೋಳೆರಡೂ ಮೇಲಕ್ಕೆ, ನೋಟ ಹೆಬ್ಬೆರಳಿನ ಮೇಲೆ. ‘ದ್ವೇ’ ಎಂದರೆ ಉಸಿರು ಹೊರಗೆ, ಮೈ ಬಾಗಿ ಅಂಗೈ ನೆಲಕ್ಕೆ, ನೋಟ ಮೂಗಿನ ತುದಿಗೆ. ಅಷ್ಟಾಂಗ ವಿನ್ಯಾಸ ಯೋಗದ ಮೊದಲ ಸೂರ್ಯನಮಸ್ಕಾರಕ್ಕೆ ಇಂಥ 9 ಎಣಿಕೆ, ಎರಡನೆಯದಕ್ಕೆ 17. ಇಂದು ಜಗತ್ತಿನ ಎಷ್ಟೋ ನಗರಗಳಲ್ಲಿ ಕೇಳುವ ಈ ಎಣಿಕೆ ರೂಪುಗೊಂಡದ್ದು ಮೈಸೂರಿನಲ್ಲಿ.

ಚಿತ್ರದುರ್ಗ ಸೀಮೆಯ ಮುಚುಕುಂಟೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1930ರ ದಶಕದಲ್ಲಿ, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಅಲ್ಲಿ ಎಳೆಯ ಹುಡುಗರೇ ಹೆಚ್ಚು. ಹಾರಿ ಕೂರುವ, ಹಾರಿ ಏಳುವ ಈ ಚುರುಕಿನ ಸರಣಿ ಆ ಮೈಗಳಿಗೆ ಹೇಳಿ ಮಾಡಿಸಿದಂತಿತ್ತು. ಅವರ ‘ಯೋಗ ಮಕರಂದ’ 1934ರಲ್ಲಿ ಹೊರಬಂದದ್ದು ಕನ್ನಡದಲ್ಲೇ.

ಈ ಪದ್ಧತಿಗೆ ‘ಯೋಗ ಕುರುಂಟ’ ಎಂಬ ತಾಳೆಗರಿ ಗ್ರಂಥವೇ ಆಧಾರವೆಂದು ಶಿಷ್ಯಪರಂಪರೆ ನಂಬುತ್ತದೆ. ಆದರೆ ಆ ಗ್ರಂಥದ ಪ್ರತಿ ಈವರೆಗೂ ವಿದ್ವಾಂಸರ ಕೈಗೆ ಸಿಕ್ಕಿಲ್ಲ. ಕಣ್ಣಿಗೆ ಕಾಣುವ ಆಧಾರ ಬೇಕೆಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ ಇದೆ. ಅದರಲ್ಲಿ 122 ಆಸನಗಳ ಚಿತ್ರಗಳಿವೆ. ಹಳೆಯದನ್ನು ಬಲ್ಲ ಗುರುವೊಬ್ಬರು ತಮ್ಮ ಕಾಲದ ಹುಡುಗರಿಗಾಗಿ ಅದನ್ನು ಹೊಸದಾಗಿ ಪೋಣಿಸಿದರು ಎನ್ನುವುದೇ ಹೆಚ್ಚು ಸರಿ. ಅದರಿಂದ ಅವರ ಹಿರಿಮೆ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಹಾಸನದ ಬಳಿಯ ಕೌಶಿಕದ ಹುಡುಗ ಪಟ್ಟಾಭಿ ಜೋಯಿಸರು ಕೃಷ್ಣಮಾಚಾರ್ಯರನ್ನು ಮೊದಲು ಕಂಡದ್ದು 1927ರಲ್ಲಿ. ಮುಂದೆ ಮೈಸೂರಿನ ಲಕ್ಷ್ಮೀಪುರಂನಲ್ಲಿ 1948ರಲ್ಲಿ ತಮ್ಮದೇ ಶಾಲೆ ತೆರೆದರು. ಉಸಿರು, ಆಸನ, ದೃಷ್ಟಿ ಮೂರೂ ಕೂಡಿದ ‘ತ್ರಿಸ್ಥಾನ’ವೇ ಅವರ ಪಾಠದ ಜೀವಾಳ.

ಇದಕ್ಕೆ ದೇಹರಚನೆಯ ಒಪ್ಪಿಗೆಯೂ ಇದೆ. ಉಸಿರೆಳೆದಾಗ ವಪೆ ಕೆಳಗಿಳಿದು ಪಕ್ಕೆಲುಬುಗಳು ಅರಳುತ್ತವೆ. ತೋಳೆತ್ತಿ ಎದೆ ತೆರೆಯಲು ಅದೇ ಸಮಯ. ಉಸಿರು ಬಿಟ್ಟಾಗ ಹೊಟ್ಟೆ ಒಳಸರಿಯುತ್ತದೆ, ಬಾಗುವುದು ಸಲೀಸು. ಕಿಬ್ಬೊಟ್ಟೆಯನ್ನು ಮೆಲ್ಲಗೆ ಒಳಗೆಳೆದು ಹಿಡಿದರೆ ಹಾರುವಾಗ ಸೊಂಟ ಕುಸಿಯುವುದಿಲ್ಲ. ಗಂಟಲನ್ನು ತುಸು ಕಿರಿದಾಗಿಸಿದರೆ ಉಸಿರಿಗೆ ಸದ್ದು ಬರುತ್ತದೆ, ಉಸಿರು ಉದ್ದವಾಗುತ್ತದೆ. ಎಲ್ಲಿ ತುಂಡಾಯಿತೆಂದು ಕಿವಿಯೇ ಹೇಳುತ್ತದೆ. ನೋಟ ಒಂದೆಡೆ ನೆಟ್ಟರೆ ಒಂಟಿ ಕಾಲಿನ ಮೇಲೂ ಮೈ ತೂಗಾಡದು, ಏಕೆಂದರೆ ಸಮತೋಲಕ್ಕೆ ಮಿದುಳು ಒಳಗಿವಿಯಷ್ಟೇ ಕಣ್ಣನ್ನೂ ನಂಬುತ್ತದೆ.

ಬೆಲ್ಜಿಯಂನ ಆಂದ್ರೆ ವಾನ್ ಲೈಸೆಬೆತ್ 1964ರಲ್ಲಿ ಜೋಯಿಸರ ಬಳಿ ಕಲಿತರು. 1975ರಲ್ಲಿ ಜೋಯಿಸರೇ ಕ್ಯಾಲಿಫೋರ್ನಿಯಾಕ್ಕೆ ಹೋದರು. ಎಲ್ಲರೂ ಒಂದೇ ಕೋಣೆಯಲ್ಲಿ ಅವರವರ ಉಸಿರಿನ ವೇಗದಲ್ಲಿ ಸಾಧನೆ ಮಾಡುವ ಕ್ರಮಕ್ಕೆ ಹೊರದೇಶಗಳಲ್ಲಿ ‘ಮೈಸೂರು ಸ್ಟೈಲ್’ ಎಂದೇ ಹೆಸರು.

ಕೃಷ್ಣಮಾಚಾರ್ಯರು ಮಾತ್ರ ಮದರಾಸಿಗೆ ಹೋದ ಮೇಲೆ ಒಬ್ಬೊಬ್ಬರ ವಯಸ್ಸು, ಆರೋಗ್ಯ ನೋಡಿ ಪಾಠವನ್ನು ಮೃದುವಾಗಿಸಿದರು. ಇಂದಿನ ಕಲಿಕೆಯವರು ಇದನ್ನು ಮರೆಯಬಾರದು. ಹೊಸಬರು ಕಷ್ಟದ ಆಸನಗಳ ಹಿಂದೆ ಬೀಳದೆ, ತಿಳಿದವರ ಎದುರು ಮೊದಲು ಸೂರ್ಯನಮಸ್ಕಾರವೊಂದನ್ನೇ ಕಲಿಯಲಿ. ಉಸಿರು ಕಟ್ಟಿದ ಕಡೆ ಆ ದಿನಕ್ಕೆ ನಿಲ್ಲಿಸಲಿ.