ಸ್ವಿಚ್ಚಿಗೂ ಮೊದಲು ಚಲನೆ

ಸ್ಟೀಫನ್ ಹಾಕಿಂಗ್ ಅವರ ಯಂತ್ರದ ದನಿಯನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಅದರ ಹಿಂದಿದ್ದದ್ದು ಒಂದೇ ಒಂದು ಸ್ವಿಚ್. 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಮಾತು ಹೋದ ಮೇಲೆ ಬಹಳ ವರ್ಷ ಅವರು ಕೈಯಲ್ಲಿ ಹಿಡಿದ ಸ್ವಿಚ್ ಒತ್ತಿ ಪದಗಳನ್ನು ಆರಿಸುತ್ತಿದ್ದರು. ಮೋಟಾರ್ ನ್ಯೂರಾನ್ ಕಾಯಿಲೆ ಕೈಯ ಬಲವನ್ನೂ ಕಸಿದುಕೊಂಡಾಗ, ಕನ್ನಡಕಕ್ಕೆ ಸಿಕ್ಕಿಸಿದ ಪುಟ್ಟ ಇನ್‌ಫ್ರಾರೆಡ್ ಸೆನ್ಸರ್ ಕೆನ್ನೆಯ ಅಲುಗಾಟವನ್ನು ಗುರುತಿಸತೊಡಗಿತು. ಕಂಪ್ಯೂಟರಿಗೆ ಬೇಕಿದ್ದದ್ದು ಆಗಲೂ ಒಂದೇ ಸಂಕೇತ, ಅದು ಹೊರಡುವ ಜಾಗ ಮಾತ್ರ ಬೇರೆಯಾಯಿತು.

ಪಾರ್ಶ್ವವಾಯು, ಸೆರೆಬ್ರಲ್ ಪಾಲ್ಸಿ, ಬೆನ್ನುಹುರಿಗೆ ಪೆಟ್ಟು, ಕಾರಣ ಯಾವುದೇ ಇರಲಿ, ಮನೆಯವರು ಮೊದಲು ಆನ್‌ಲೈನಿನಲ್ಲಿ ಸ್ವಿಚ್ ಹುಡುಕಲು ಕೂರುತ್ತಾರೆ. ಅದು ಎರಡನೆಯ ಕೆಲಸ. ಇವರು ತಮ್ಮ ಇಚ್ಛೆಯಿಂದ, ಮತ್ತೆ ಮತ್ತೆ, ದಣಿಯದೆ ಮಾಡಬಲ್ಲ ಒಂದು ಚಲನೆ ಯಾವುದು? ಮೊದಲು ಅದು ಸಿಗಬೇಕು. ಹೆಬ್ಬೆರಳು, ತಲೆಯ ಪಕ್ಕ, ಗಲ್ಲ, ಹುಬ್ಬು, ಮೊಣಕಾಲು, ಪಾದ ಯಾವುದಾದರೂ ಸರಿ, ಕೈಯೇ ಆಗಬೇಕೆಂದಿಲ್ಲ.

‘ಒತ್ತಿ’ ಎಂದಾಗ ಒತ್ತುತ್ತಾರೆಯೇ ಎಂದಷ್ಟೇ ನೋಡಿದರೆ ಸಾಲದು. ಒತ್ತಿದ ಮೇಲೆ ಬಿಡಲು ಬರುತ್ತದೆಯೇ? ಹೇಳದೇ ಇದ್ದಾಗ ಆ ಭಾಗ ಸುಮ್ಮನಿರುತ್ತದೆಯೇ? ಬೇಡದ ಒತ್ತುಗಳು ಹೆಚ್ಚಾದರೆ ಯಾವ ಸ್ವಿಚ್ಚೂ ಪ್ರಯೋಜನಕ್ಕೆ ಬಾರದು. ಬೆಳಿಗ್ಗೆ, ಊಟವಾದ ಮೇಲೆ, ಸಂಜೆ, ಕೂತಾಗ, ಮಲಗಿದಾಗ ಇಪ್ಪತ್ತಿಪ್ಪತ್ತು ಸಲ ನೋಡಿ ಒಂದು ವಾರ ಬರೆದಿಡಿ. ಅರ್ಧ ಗಂಟೆ ಮಾತ್ರ ನೋಡುವ ಥೆರಪಿಸ್ಟ್‌ಗೆ ಆ ಪಟ್ಟಿ ಬಹಳ ಉಪಯೋಗ.

ಸೆರೆಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳಲ್ಲಿ ಕೈಗೂ ಕತ್ತಿಗೂ ಬಿಡಿಸಲಾಗದ ನಂಟು. ತಲೆ ಒಂದು ಪಕ್ಕಕ್ಕೆ ತಿರುಗಿದರೆ ಆ ಪಕ್ಕದ ಕೈ ತಾನಾಗಿ ಚಾಚಿಕೊಳ್ಳುತ್ತದೆ. ಅಂಥ ಮಗು ಕೈ ಚಾಚಿ ಸ್ವಿಚ್ ಒತ್ತಲು ಹೋದಾಗ ಮುಖ ಪರದೆಯಿಂದ ಆಚೆ ತಿರುಗಿಬಿಡಬಹುದು. ಮಗುವಿಗೆ ಗಮನವಿಲ್ಲ ಎಂದು ನಾವು ಗದರುತ್ತೇವೆ! ಸ್ವಿಚ್ಚನ್ನು ಬೇರೆ ಜಾಗಕ್ಕೆ ತಂದು ನೋಡಬೇಕು. ಅದಕ್ಕೂ ಮೊದಲು ಸೊಂಟ, ಬೆನ್ನು, ಪಾದಗಳಿಗೆ ಆಸರೆ ಸರಿಯಾಗಿರಬೇಕು. ಜಾರುತ್ತಿರುವ ದೇಹಕ್ಕೆ ಗುರಿ ಸಿಗುವುದಿಲ್ಲ. ಒಮ್ಮೆ ಜಾಗ ಗೊತ್ತಾದ ಮೇಲೆ ಸ್ವಿಚ್ಚನ್ನು ಕ್ಲ್ಯಾಂಪಿನಿಂದ ಬಿಗಿದು, ಟೇಪ್ ಅಂಟಿಸಿ ಗುರುತು ಮಾಡಿ, ಫೋಟೋ ತೆಗೆದು ಗೋಡೆಗೆ ಅಂಟಿಸಿ. ನಮ್ಮ ಊರುಗಳಲ್ಲಿ ನೋಡಿಕೊಳ್ಳುವ ಆಯಾ ಆಗಾಗ ಬದಲಾಗುತ್ತಾರೆ, ಅರ್ಧ ಇಂಚು ಸರಿದರೂ ರೋಗಿಯ ಪಾಲಿಗೆ ಸ್ವಿಚ್ ಇಲ್ಲದಂತೆಯೇ.

ಇಷ್ಟಾದ ಮೇಲೆ ಆಯ್ಕೆ ಕಷ್ಟವಲ್ಲ. ಬಲವಿದ್ದು ಗುರಿ ತಪ್ಪುವವರಿಗೆ ಅಂಗೈ ಅಗಲದ ಗಟ್ಟಿ ಗುಂಡಿ, ಗುರಿಯಿದ್ದು ಬಲವಿಲ್ಲದವರಿಗೆ ಸೋಕಿದರೆ ಸಾಕೆನ್ನುವ ಸೂಕ್ಷ್ಮ ಸ್ವಿಚ್. ಕತ್ತಿನ ಕೆಳಗೆ ಏನೂ ಆಡದಿದ್ದರೂ ತುಟಿ ಬಿಗಿಹಿಡಿಯಬಲ್ಲವರಿಗೆ ಊದಿ, ಹೀರಿ ನಡೆಸುವ ಕೊಳವೆ. ಮುಟ್ಟದೆಯೇ ಕೆಲಸ ಮಾಡುವ ಸೆನ್ಸರ್‌ಗೆ ‘ಟಕ್’ ಎನ್ನುವ ಸದ್ದಿಲ್ಲ, ಆದ್ದರಿಂದ ಬೀಪ್ ಇರಲೇಬೇಕು. ಏರುತ್ತಾ ಹೋಗುವ ಕಾಯಿಲೆಯಾದರೆ, ಈಗಿನ ಸ್ವಿಚ್ ನಡೆಯುತ್ತಿರುವಾಗಲೇ ಮುಂದಿನದನ್ನು ಅಭ್ಯಾಸ ಮಾಡಿಸಿ.

ಮೊದಲ ಸ್ವಿಚ್ ಕಂಪ್ಯೂಟರಿಗಲ್ಲ, ಕರೆಗಂಟೆಗೆ ಇರಲಿ ಎಂಬುದು ನನ್ನ ಅಭಿಪ್ರಾಯ. ರಾತ್ರಿ ಎರಡು ಗಂಟೆಗೆ ಕಫ ಕಟ್ಟಿದಾಗ ಪಕ್ಕದ ಕೋಣೆಯ ಮಗಳನ್ನು ಎಬ್ಬಿಸಲು ಆಗಬೇಕಲ್ಲ! ಇಂಥ ಸ್ವಿಚ್ಚುಗಳಲ್ಲಿ ಬಹುಪಾಲಿಗೆ ಹಳೆಯ ಇಯರ್‌ಫೋನಿನಂಥದೇ 3.5 ಮಿ.ಮೀ. ಪಿನ್ ಇರುತ್ತದೆ. ಬ್ಯಾಟರಿಯ ವೈರ್‌ಲೆಸ್ ಕಾಲಿಂಗ್ ಬೆಲ್ಲಿನ ಗುಂಡಿಗೆ ಆ ಅಳತೆಯ ಸಾಕೆಟ್ ಬೆಸುಗೆ ಹಾಕಿಸುವುದು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಚೆನ್ನೈನ ರಿಚಿ ಸ್ಟ್ರೀಟಿನಲ್ಲೋ ಸಣ್ಣ ಕೆಲಸ. ಬ್ಯಾಟರಿಯದಕ್ಕೆ ಮಾತ್ರ, ಮನೆಯ ಕರೆಂಟಿಗೆ ನೇರವಾಗಿ ಎಂದೂ ಬೇಡ.

ಫೋನ್ ಆಮೇಲೆ. ಆಂಡ್ರಾಯ್ಡ್‌ನಲ್ಲಿ ‘ಸ್ವಿಚ್ ಆಕ್ಸೆಸ್’, ಐಫೋನಿನಲ್ಲಿ ‘ಸ್ವಿಚ್ ಕಂಟ್ರೋಲ್’ ಎಂಬ ಸೌಲಭ್ಯಗಳಿವೆ, ಹಣ ಕೊಡಬೇಕಿಲ್ಲ. ಪರದೆಯ ಮೇಲೆ ಒಂದು ಚೌಕಟ್ಟು ಸಾಗುತ್ತಾ ಹೋಗುತ್ತದೆ, ಬೇಕಾದಲ್ಲಿಗೆ ಬಂದಾಗ ಒತ್ತಬೇಕು. ಆ ಸಮಯ ಹಿಡಿಯಲು ಆಗದವರಿಗೆ ಎರಡು ಸ್ವಿಚ್ ಸುಲಭ: ಒಂದು ಮುಂದಕ್ಕೆ ಸರಿಸಲು, ಇನ್ನೊಂದು ಆರಿಸಲು. ಕೊಳ್ಳುವ ಮೊದಲು ಸ್ವಿಚ್ಚನ್ನು ಬಳಸಿ ನೋಡುವ ಅವಕಾಶ ಸಿಗುವುದೇ ಎಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಚೆನ್ನೈನ ವಿದ್ಯಾಸಾಗರದಲ್ಲೋ ಕೇಳಿ.

ಪುಣೆಗೋ ಹೈದರಾಬಾದಿಗೋ ಮಗನ ಮನೆಗೆ ಬಂದ ತಾಯಿಗೆ ಪಾರ್ಶ್ವವಾಯು ಹೊಡೆದರೆ, ಆಸ್ಪತ್ರೆಯಲ್ಲಿ ಸಿಗುವ ಚಾರ್ಟು ಇಂಗ್ಲಿಷಿನದು, ಇಲ್ಲವೇ ಅಲ್ಲಿನ ಭಾಷೆಯದು. ಅದನ್ನು ಗುರುತಿಸಲಿಲ್ಲವೆಂದರೆ ಆಕೆಗೆ ತಿಳಿವಳಿಕೆ ಹೋಗಿದೆ ಎಂದರ್ಥವಲ್ಲ. ಭಾಷೆ ಉಳಿದು ಚಲನೆ ಮಾತ್ರ ಹೋದವರಿಗೆ ನಮ್ಮ ವರ್ಣಮಾಲೆ ದೊಡ್ಡ ಅನುಕೂಲ. ಐದೈದು ಅಕ್ಷರಗಳ ಐದು ಸಾಲು, ಅದೂ ಸ್ಲೇಟಿನ ಕಾಲದಿಂದ ಬಾಯಿಪಾಠ. ಒಂದು ಹಾಳೆಯಲ್ಲಿ ಬರೆದುಕೊಂಡು ನೀವೇ ಓದಿ: ಕ ಸಾಲು, ಚ ಸಾಲು, ಟ ಸಾಲು, ತ ಸಾಲು. ಆಕೆ ಗಂಟೆ ಒತ್ತಿದರೆ ಅಲ್ಲೇ ನಿಂತು ತ, ಥ, ದ, ಧ, ನ ಎನ್ನಿ. ‘ನ’ ಸಿಕ್ಕಿತು. ಮುಂದೆ ಯ, ರ. ಇಷ್ಟರಲ್ಲಿ ‘ನೀರಾ ಅಮ್ಮಾ?’ ಎಂದು ಕೇಳಬಹುದು. ಆದರೆ ಆಕೆ ಹೇಳಹೊರಟಿದ್ದು ‘ನರ ಎಳೀತಿದೆ’ ಎಂದಿದ್ದರೆ? ಅದಕ್ಕೇ ‘ಅಲ್ಲ’ ಎನ್ನಲು ಒಂದು ಸಂಕೇತವನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ. ಎರಡು ಸಲ ಗಂಟೆ ಒತ್ತುವುದೋ, ಕಣ್ಣು ಮೇಲಕ್ಕೆತ್ತುವುದೋ, ಆಕೆಗೆ ಯಾವುದು ಸುಲಭವೋ ಅದು.