ಬ್ರೌಸರಿನ ಔದಾರ್ಯ, ಪುಟದ ದೋಷ

ಪರದೆಯ ಮೇಲೆ ತಲೆಬರಹ, ಪ್ಯಾರಾ, ಚಿತ್ರ, ಕೊಂಡಿಗಳಾಗಿ ಕಾಣುವ ಜಾಲಪುಟವು ವಾಸ್ತವದಲ್ಲಿ ಬರಿಯ ಅಕ್ಷರಗಳ ಒಂದು ಕಡತವಾಗಿದ್ದು, ಅದರಲ್ಲಿ ಓದುಗರಿಗಾಗಿ ಬರೆದ ಮಾತುಗಳ ನಡುನಡುವೆ ಬ್ರೌಸರಿಗಾಗಿ ಬರೆದ ಸೂಚನೆಗಳು ಬೆರೆತಿರುತ್ತವೆ. ಈ ಸೂಚನೆಗಳಿಗೆ ಮಾರ್ಕಪ್ ಎಂಬ ಹೆಸರು ಬಂದದ್ದು ಅಚ್ಚುಕೂಟದಿಂದ. ಯಾವ ಸಾಲು ದಪ್ಪ ಅಕ್ಷರದಲ್ಲಿರಬೇಕು, ಎಲ್ಲಿ ಹೊಸ ಪ್ಯಾರಾ ಆರಂಭವಾಗಬೇಕು ಎಂಬುದನ್ನು ಮೊಳೆ ಜೋಡಿಸುವವರಿಗೆ ತಿಳಿಸಲು ಸಂಪಾದಕರು ಹಸ್ತಪ್ರತಿಯ ಅಂಚಿನಲ್ಲಿ ಹಾಕುತ್ತಿದ್ದ ಗುರುತುಗಳನ್ನೇ ಮೊದಲು ಹೀಗೆ ಕರೆಯಲಾಗುತ್ತಿತ್ತು. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ವಿಶ್ವವ್ಯಾಪಿ ಜಾಲಕ್ಕೆಂದು ಎಚ್‌ಟಿಎಂಎಲ್ ಭಾಷೆಯನ್ನು ರೂಪಿಸಿದಾಗ, ದಸ್ತಾವೇಜುಗಳನ್ನು ಗುರುತಿಸಲು 1986ರಲ್ಲೇ ಅಂತರರಾಷ್ಟ್ರೀಯ ಮಾನಕವಾಗಿದ್ದ ಎಸ್‌ಜಿಎಂಎಲ್ ಎಂಬ ವ್ಯವಸ್ಥೆಯ ಶೈಲಿಯನ್ನು ಅನುಸರಿಸಿದರು. 1991ರಲ್ಲಿ ಅವರು ವಿವರಿಸಿದ ಗುರುತುಗಳು ಸುಮಾರು 18 ಮಾತ್ರ. ಇಂದು ಅವು ನೂರನ್ನು ಮೀರಿವೆ.

ಕೋನಾಕಾರದ ಆವರಣ ಚಿಹ್ನೆಗಳ ನಡುವೆ ಬರೆಯುವ ಈ ಗುರುತಿಗೆ ಟ್ಯಾಗ್ ಎನ್ನುತ್ತಾರೆ. ಒಂದು ಟ್ಯಾಗ್ ಭಾಗವನ್ನು ತೆರೆದರೆ, ಓರೆಗೆರೆಯುಳ್ಳ ಅದರ ಜೋಡಿ ಟ್ಯಾಗ್ ಆ ಭಾಗವನ್ನು ಮುಚ್ಚುತ್ತದೆ; ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ, ಒಳಗೆ ತೆರೆದದ್ದು ಒಳಗೇ ಮುಚ್ಚಿಕೊಳ್ಳಬೇಕೆಂಬುದು ಮೂಲ ನಿಯಮ. ಆದರೆ ಚಿತ್ರದ ಟ್ಯಾಗಿಗೂ ಸಾಲು ಮುರಿಯುವ ಟ್ಯಾಗಿಗೂ ಮುಚ್ಚುವ ಜೋಡಿಯೇ ಇಲ್ಲ, ಪ್ಯಾರಾ ಮತ್ತು ಪಟ್ಟಿಯ ಅಂಶಗಳಲ್ಲಿ ಮುಚ್ಚುವ ಟ್ಯಾಗನ್ನು ಬಿಟ್ಟರೂ ಅನೇಕ ಸಂದರ್ಭಗಳಲ್ಲಿ ಅದು ತಪ್ಪಲ್ಲ. ಆದ್ದರಿಂದ ತೆರೆದವೆಷ್ಟು ಮುಚ್ಚಿದವೆಷ್ಟು ಎಂದು ಕಣ್ಣಳತೆಯಲ್ಲಿ ಎಣಿಸಿ ದೋಷ ಹಿಡಿಯಲು ಹೊರಟವರು ಇಲ್ಲದ ತಪ್ಪನ್ನು ಕಂಡು ಇರುವ ತಪ್ಪನ್ನು ಬಿಟ್ಟುಬಿಡುವ ಸಂಭವವೇ ಹೆಚ್ಚು.

ಪ್ಯಾರಾವೊಂದನ್ನು ತೆರೆದು, ಅದರೊಳಗೆ ಒಂದು ಪಟ್ಟಿಯನ್ನು ಸೇರಿಸಿ, ಪಟ್ಟಿ ಮುಗಿದ ಮೇಲೆ ಪ್ಯಾರಾವನ್ನು ಮುಚ್ಚುವುದು ಬರೆಯುವವರಿಗೆ ಸಹಜವಾಗಿಯೇ ತೋರುತ್ತದೆ, ಜೋಡಿಗಳೆಲ್ಲ ಸರಿಯಾಗಿವೆ. ಆದರೆ ಎಚ್‌ಟಿಎಂಎಲ್ ವ್ಯಾಕರಣದ ಪ್ರಕಾರ ಪ್ಯಾರಾದ ಒಳಗೆ ಪಟ್ಟಿ ಇರುವಂತಿಲ್ಲವಾದ್ದರಿಂದ, ಪಟ್ಟಿ ಎದುರಾದ ಕೂಡಲೇ ಬ್ರೌಸರ್ ಪ್ಯಾರಾವನ್ನು ತಾನಾಗಿಯೇ ಮುಚ್ಚಿಬಿಡುತ್ತದೆ, ಪಟ್ಟಿಯನ್ನು ಅದರ ಹೊರಗೆ ನಿಲ್ಲಿಸುತ್ತದೆ, ಮತ್ತು ಕೊನೆಯಲ್ಲಿ ಒಂಟಿಯಾಗಿ ಉಳಿದ ಮುಚ್ಚುವ ಟ್ಯಾಗಿಗೆ ಜೋಡಿಯಾಗಲೆಂದು ಖಾಲಿ ಪ್ಯಾರಾವೊಂದನ್ನು ಸೃಷ್ಟಿಸುತ್ತದೆ. ಪುಟ ಕಾಣುತ್ತದೆ, ಓದಲೂ ಬರುತ್ತದೆ; ಪಟ್ಟಿಯ ಕೆಳಗೆ ಎಲ್ಲಿಂದಲೋ ಬಂದ ಜಾಗವೊಂದು ಮಾತ್ರ ಉಳಿಯಬಹುದು. ಇದನ್ನು ಬ್ರೌಸರಿನ ಕ್ಷಮಾಗುಣವೆಂದು ಹೇಳುವುದು ರೂಢಿಯಾದರೂ, ಬ್ರೌಸರ್ ಇಲ್ಲಿ ಕ್ಷಮಿಸಿದ್ದಕ್ಕಿಂತ ಹೆಚ್ಚಾಗಿ ಬರೆದವರ ಪರವಾಗಿ ತಾನೊಂದು ತೀರ್ಮಾನ ಕೈಗೊಂಡಿದೆ ಎನ್ನುವುದೇ ಸರಿ. ಮಾರ್ಕಪ್ ದೋಷವನ್ನು ಹುಡುಕುವುದೆಂದರೆ ಬರೆದವರ ಉದ್ದೇಶವೂ ಬ್ರೌಸರಿನ ತೀರ್ಮಾನವೂ ಬೇರೆಬೇರೆಯಾದ ಸ್ಥಳವನ್ನು ಹುಡುಕುವುದು.

ಈ ಔದಾರ್ಯಕ್ಕೆ ಒಂದು ಇತಿಹಾಸವಿದೆ. 1993ರ ಮೊಸಾಯಿಕ್, 1994ರ ನೆಟ್‌ಸ್ಕೇಪ್, 1995ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದರ ಹಿಂದೊಂದು ಬಂದಾಗ, ದೋಷವಿರುವ ಪುಟವನ್ನು ತೋರಿಸಲು ನಿರಾಕರಿಸುವ ಬ್ರೌಸರನ್ನು ಬಳಕೆದಾರರು ಬಿಟ್ಟು, ಅದೇ ಪುಟವನ್ನು ಹೇಗೋ ತೋರಿಸುವ ಇನ್ನೊಂದರ ಕಡೆಗೆ ಹೋಗುವುದು ಖಚಿತವಾಗಿತ್ತು. ಹಾಗಾಗಿ ಎಲ್ಲ ತಯಾರಕರೂ ತಪ್ಪುಗಳನ್ನು ನುಂಗಿಕೊಳ್ಳುವ ದಾರಿಯನ್ನೇ ಹಿಡಿದರು. ತೊಂದರೆಯೆಂದರೆ ಪ್ರತಿಯೊಂದು ಬ್ರೌಸರೂ ತನ್ನದೇ ರೀತಿಯಲ್ಲಿ ರಿಪೇರಿ ಮಾಡುತ್ತಿತ್ತು, ಪುಟ ಬರೆದವರು ತಮ್ಮ ಮೇಜಿನ ಮೇಲಿದ್ದ ಒಂದರಲ್ಲಿ ನೋಡಿ ತೃಪ್ತರಾಗುತ್ತಿದ್ದರು, ಉಳಿದವುಗಳಲ್ಲಿ ಅದೇ ಪುಟ ಚೆಲ್ಲಾಪಿಲ್ಲಿಯಾಗಿರುತ್ತಿತ್ತು. ಈ ಅಶಿಸ್ತಿಗೆ ಮದ್ದಾಗಿ, ಬರ್ನರ್ಸ್-ಲೀ ಅವರೇ 1994ರಲ್ಲಿ ಸ್ಥಾಪಿಸಿದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ, ಅಂದರೆ ಡಬ್ಲ್ಯು3ಸಿ ಸಂಸ್ಥೆಯು 1998ರಲ್ಲಿ ಎಕ್ಸ್‌ಎಂಎಲ್ ಎಂಬ ಕಟ್ಟುನಿಟ್ಟಿನ ಭಾಷೆಯನ್ನೂ, ಅದರ ನಿಯಮಗಳಿಗೆ ಎಚ್‌ಟಿಎಂಎಲನ್ನು ಒಗ್ಗಿಸಿ 2000ದಲ್ಲಿ ಎಕ್ಸ್‌ಎಚ್‌ಟಿಎಂಎಲನ್ನೂ ಹೊರತಂದಿತು. ಎಕ್ಸ್‌ಎಂಎಲ್ ನಿಯಮದಂತೆ ಒಂದೇ ಒಂದು ಟ್ಯಾಗ್ ಮುಚ್ಚದೆ ಉಳಿದರೂ ಓದುವ ತಂತ್ರಾಂಶ ಅಲ್ಲಿಗೇ ನಿಂತು ದೋಷವನ್ನು ಸಾರಬೇಕು. ಶಿಸ್ತಿನ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದೇ. ಆದರೆ ತಪ್ಪು ಮಾಡಿದವರು ಪುಟ ಬರೆದವರು, ಶಿಕ್ಷೆ ಅನುಭವಿಸಬೇಕಾದವರು ಓದಲು ಬಂದವರು ಎಂಬ ವೈಪರೀತ್ಯಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

2004ರಲ್ಲಿ ಆಪಲ್, ಮೊಜಿಲ್ಲಾ, ಒಪೆರಾ ಸಂಸ್ಥೆಗಳ ಪರಿಣತರು ಸೇರಿ ಕಟ್ಟಿಕೊಂಡ ವಾಟ್‌ಡಬ್ಲ್ಯುಜಿ ಎಂಬ ಗುಂಪು ಬೇರೆಯೇ ದಾರಿ ಹಿಡಿಯಿತು. ತಪ್ಪುಗಳು ಇದ್ದೇ ಇರುತ್ತವೆ ಎಂದು ಒಪ್ಪಿಕೊಂಡು, ಯಾವ ತಪ್ಪಿಗೆ ಬ್ರೌಸರ್ ಯಾವ ರಿಪೇರಿ ಮಾಡಬೇಕೆಂಬುದನ್ನು ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟದ್ದು ಆ ಗುಂಪಿನ ದೊಡ್ಡ ಸಾಧನೆ. ಅದರ ಕೆಲಸವೇ ಎಚ್‌ಟಿಎಂಎಲ್5 ಆಗಿ ಬೆಳೆದು, 2014ರ ಅಕ್ಟೋಬರಿನಲ್ಲಿ ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾಯಿತು. 2019ರ ಒಪ್ಪಂದದ ನಂತರ ಭಾಷೆಯ ಮಾನಕವನ್ನು ವಾಟ್‌ಡಬ್ಲ್ಯುಜಿಯೇ ನಿರ್ವಹಿಸುತ್ತಿದೆ. ದೋಷಕ್ಕೂ ವ್ಯಾಕರಣವಿರುವ ಈ ವಿಚಿತ್ರ ಸ್ಥಿತಿಯಿಂದಾಗಿ, ಒಂದೇ ತಪ್ಪು ಇಂದು ಎಲ್ಲ ಪ್ರಮುಖ ಬ್ರೌಸರುಗಳಲ್ಲಿ ಒಂದೇ ಫಲವನ್ನು ಕೊಡುತ್ತದೆ, ಅಂದರೆ ಫಲವನ್ನು ನೋಡಿ ತಪ್ಪನ್ನು ಊಹಿಸುವುದು ಸಾಧ್ಯವಾಗಿದೆ.

ಕೋಷ್ಟಕದಲ್ಲಿ ಬರೆದ ವಾಕ್ಯವೊಂದು ಕೋಷ್ಟಕದ ಮೇಲುಗಡೆಗೆ ಹಾರಿ ನಿಂತಿದ್ದರೆ, ಅದು ಯಾವ ಕೋಣೆಯ ಟ್ಯಾಗಿನೊಳಗೂ ಸೇರದೆ ಸಾಲುಗಳ ನಡುವೆ ಉಳಿದಿತ್ತು ಎಂದರ್ಥ. ಅಂಥ ಅನಾಥ ಪಠ್ಯವನ್ನು ಕೋಷ್ಟಕದ ಮುಂಚೆ ಇರಿಸಬೇಕೆಂಬುದು ನಿಯಮ, ಮತ್ತು ಮಾನಕವು ಈ ಕ್ರಿಯೆಯನ್ನು ಸಾಕು ಪೋಷಕರಿಗೆ ಒಪ್ಪಿಸುವುದು ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತದೆ. ಪುಟ ಪೂರ್ತಿ ಖಾಲಿಯಾಗಿ, ಬ್ರೌಸರಿನ ಮೇಲ್ಪಟ್ಟಿಯಲ್ಲಿ ಮಾತ್ರ ಅಕ್ಷರಗಳ ರಾಶಿ ಕಂಡರೆ, ಪುಟದ ಹೆಸರನ್ನು ಹೇಳುವ ಟೈಟಲ್ ಟ್ಯಾಗ್ ಮುಚ್ಚಿಲ್ಲ. ಅದರ ಒಳಗೆ ಬೇರೆ ಟ್ಯಾಗುಗಳಿಗೆ ಮಾನ್ಯತೆ ಇಲ್ಲದ ಕಾರಣ ಉಳಿದದ್ದೆಲ್ಲ ಹೆಸರಿನ ಭಾಗವೇ ಆಗಿಬಿಟ್ಟಿರುತ್ತದೆ. ಇವೆರಡೂ ಕಣ್ಣಿಗೆ ಬೀಳುವ ದೋಷಗಳು. ಕಣ್ಣಿಗೆ ಬೀಳದ ಜಾತಿಯದು ಪುಟದ ಹೆಡ್ ಎಂಬ ಶಿರೋಭಾಗದಲ್ಲಿ ಸಂಭವಿಸುವ ತಪ್ಪು. ಶೋಧ ಯಂತ್ರಗಳಿಗೆ ಬೇಕಾದ ವಿವರಗಳು ಅಲ್ಲಿರುತ್ತವೆ. ಅವುಗಳ ಮೇಲೆ ಯಾರಾದರೂ ಒಂದು ಚಿತ್ರವನ್ನೋ ಮೈಭಾಗಕ್ಕೆ ಸೇರಬೇಕಾದ ಟ್ಯಾಗನ್ನೋ ಸೇರಿಸಿದರೆ, ಬ್ರೌಸರ್ ಶಿರೋಭಾಗ ಮುಗಿಯಿತೆಂದು ಭಾವಿಸಿ, ಮುಂದಿನ ವಿವರಗಳನ್ನೆಲ್ಲ ಮೈಭಾಗಕ್ಕೆ ತಳ್ಳುತ್ತದೆ. ನೋಡುವವರಿಗೆ ಏನೂ ವ್ಯತ್ಯಾಸವಿಲ್ಲ, ಶೋಧ ಯಂತ್ರವೋ ಆ ವಿವರಗಳನ್ನು ಪರಿಗಣಿಸದೆ ಬಿಡಬಹುದು.

ದೋಷ ಹುಡುಕುವ ಮುಖ್ಯ ಸಾಧನವೆಂದರೆ ವ್ಯಾಲಿಡೇಟರ್, ಅಂದರೆ ಪುಟದ ಮಾರ್ಕಪ್ಪನ್ನು ಮಾನಕದ ನಿಯಮಗಳೊಂದಿಗೆ ಹೋಲಿಸಿ ವರದಿ ಕೊಡುವ ಪರಿಶೀಲಕ ತಂತ್ರಾಂಶ. ಡಬ್ಲ್ಯು3ಸಿ ಇದನ್ನು ಉಚಿತ ಸೇವೆಯಾಗಿ ನಡೆಸುತ್ತದೆ. ಈಗ ಬಳಕೆಯಲ್ಲಿರುವ ಪರಿಶೀಲಕದ ಬುನಾದಿಯನ್ನು ಹಾಕಿದವರು ಫಿನ್‌ಲೆಂಡಿನ ಹೆನ್ರಿ ಸಿವೋನೆನ್. ಪುಟದ ವಿಳಾಸವನ್ನು ಕೊಟ್ಟರೆ ಅದು ಸಾಲಿನ ಸಂಖ್ಯೆಯೊಂದಿಗೆ ತಪ್ಪುಗಳನ್ನೂ ಎಚ್ಚರಿಕೆಗಳನ್ನೂ ಪಟ್ಟಿಮಾಡುತ್ತದೆ. ನೂರಾರು ಸಾಲುಗಳ ಆ ಪಟ್ಟಿಯನ್ನು ಕಂಡು ಹೊಸಬರು ಕೈಚೆಲ್ಲುವುದುಂಟು, ಆದರೆ ಅದನ್ನು ಓದುವ ಕ್ರಮವೇ ಬೇರೆ: ಮೊದಲ ತಪ್ಪನ್ನು ಮಾತ್ರ ತಿದ್ದಿ ಪುಟವನ್ನು ಮತ್ತೆ ಪರಿಶೀಲನೆಗೆ ಒಡ್ಡಬೇಕು, ಏಕೆಂದರೆ ಮುಚ್ಚದ ಒಂದು ಟ್ಯಾಗಿನಿಂದಾಗಿ ಅದರ ಕೆಳಗಿನ ನಿರ್ದೋಷಿ ಟ್ಯಾಗುಗಳೂ ಅಪರಾಧಿಗಳಾಗಿ ಕಂಡಿರುತ್ತವೆ, ಮತ್ತು ಮೇಲಿನ ಒಂದು ತಿದ್ದುಪಡಿಯಿಂದ ಕೆಳಗಿನ ಮೂವತ್ತು ದೂರುಗಳು ಒಟ್ಟಿಗೇ ಮಾಯವಾಗಬಹುದು. ವರದಿ ತೋರಿಸುವ ಸಾಲಿನಲ್ಲೇ ತಪ್ಪಿರುತ್ತದೆಂಬ ಭರವಸೆಯೂ ಇಲ್ಲ. ಕೊಂಡಿಯ ವಿಳಾಸವನ್ನು ಸುತ್ತುವರಿಯುವ ಉದ್ಧರಣ ಚಿಹ್ನೆಗಳಲ್ಲಿ ಕೊನೆಯದು ಬಿಟ್ಟುಹೋದರೆ, ಮುಂದೆ ಇನ್ನೊಂದು ಉದ್ಧರಣ ಚಿಹ್ನೆ ಸಿಗುವವರೆಗೆ ಬರುವ ಅಕ್ಷರಗಳೆಲ್ಲ ವಿಳಾಸದ ಹೊಟ್ಟೆ ಸೇರುತ್ತವೆ. ಪರಿಶೀಲಕಕ್ಕೆ ಅನುಮಾನ ಬರುವುದು ಆ ಮುಂದಿನ ಚಿಹ್ನೆಯ ಬಳಿ. ಆದ್ದರಿಂದ ಸೂಚಿಸಿದ ಸಾಲಿನಿಂದ ಹಿಂದಕ್ಕೆ ಓದುತ್ತ ಬರುವುದು ಅನುಭವಿಗಳ ರೂಢಿ.

ಇನ್ನೊಂದು ಎಡವಟ್ಟು ಬ್ರೌಸರಿನೊಳಗಿನ ಡೆವಲಪರ್ ಟೂಲ್‌ಗಳಿಂದಲೇ ಆಗುತ್ತದೆ. ಅವುಗಳ ಇನ್‌ಸ್ಪೆಕ್ಟರ್ ಕಿಟಕಿಯಲ್ಲಿ ಕಾಣುವುದು ಬರೆದ ಕಡತವಲ್ಲ, ರಿಪೇರಿ ಮುಗಿಸಿದ ಮೇಲೆ ಬ್ರೌಸರ್ ಕಟ್ಟಿಕೊಂಡ ರಚನೆ. ಬಿಟ್ಟುಹೋದ ಟ್ಯಾಗ್ ಅಲ್ಲಿ ಚೊಕ್ಕವಾಗಿ ಮುಚ್ಚಿಕೊಂಡಿರುತ್ತದೆ. ಕಳ್ಳತನದ ತನಿಖೆಗೆ ಬಂದವರಿಗೆ ಗುಡಿಸಿ ಸಾರಿಸಿದ ಮನೆಯನ್ನು ತೋರಿಸಿದಂತೆ. ಮೂಲ ಕಡತವನ್ನು ಇದ್ದಂತೆಯೇ ತೋರಿಸುವುದು ವ್ಯೂ ಸೋರ್ಸ್ ಎಂಬ ಸೌಲಭ್ಯ, ಮತ್ತು ಫೈರ್‌ಫಾಕ್ಸ್ ಬ್ರೌಸರು ಅದರಲ್ಲಿ ದೋಷವಿರುವ ಟ್ಯಾಗುಗಳನ್ನು ಕೆಂಪು ಬಣ್ಣದಲ್ಲಿ ಗುರುತಿಸಿಕೊಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಬರೆದದ್ದು ಏನು, ಬ್ರೌಸರ್ ತಿಳಿದುಕೊಂಡದ್ದು ಏನು ಎಂಬುದು ಸ್ಪಷ್ಟವಾಗುತ್ತದೆ. ಅದಕ್ಕೂ ಬಗ್ಗದ ದೋಷವಿದ್ದರೆ ಪುಟದ ಪ್ರತಿಯೊಂದನ್ನು ಮಾಡಿಕೊಂಡು, ಅರ್ಧವನ್ನು ತೆಗೆದುಹಾಕಿ, ತೊಂದರೆ ಉಳಿಯಿತೇ ಹೋಯಿತೇ ಎಂದು ನೋಡಿ, ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಸಾಗುವ ವಿಧಾನವಿದೆ. ಸಾವಿರ ಸಾಲಿನ ಕಡತವೂ ಸುಮಾರು ಹತ್ತು ಸರದಿಗಳಲ್ಲಿ ಒಂದು ಸಾಲಿಗೆ ಇಳಿಯುತ್ತದೆ. ಡೇವ್ ರಾಗೆಟ್ ಅವರು ರೂಪಿಸಿದ ಎಚ್‌ಟಿಎಂಎಲ್ ಟೈಡಿಯಂಥ ತಂತ್ರಾಂಶಗಳು ತಾವೇ ತಿದ್ದಿಯೂ ಕೊಡುತ್ತವೆ, ಆದರೆ ಅವುಗಳ ತಿದ್ದುಪಡಿಯೂ ಒಂದು ಊಹೆಯೇ ಆದ್ದರಿಂದ ಕಣ್ಣುಮುಚ್ಚಿ ಒಪ್ಪುವುದು ಸಲ್ಲದು.

ಕನ್ನಡದ ಪುಟಗಳಿಗೆ ಕೆಲವು ವಿಶೇಷ ದೋಷಗಳಿವೆ. ಯೂನಿಕೋಡ್ ವ್ಯವಸ್ಥೆಯ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟ್ ಜಾಗ ಹಿಡಿಯುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಹಲಂತದ ಗುರುತೂ ಸೇರಿ 5 ಸಂಕೇತಗಳಿರುವುದರಿಂದ ಅದಕ್ಕೆ 15 ಬೈಟ್ ಬೇಕು. ಪುಟವು ಯುಟಿಎಫ್-8ರಲ್ಲಿದೆ ಎಂದು ಶಿರೋಭಾಗದಲ್ಲಿ ಘೋಷಿಸದಿದ್ದರೆ, ಬ್ರೌಸರ್ ಪಾಶ್ಚಾತ್ಯ ಭಾಷೆಗಳ ಹಳೆಯ ಸಂಕೇತ ವ್ಯವಸ್ಥೆಯನ್ನು ಊಹಿಸಿ, ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದಿ, ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆಯನ್ನೇ ಪರದೆಗೆ ತರಬಹುದು. ಈ ಘೋಷಣೆ ಕಡತದ ಮೊದಲ 1024 ಬೈಟುಗಳ ಒಳಗೇ ಇರಬೇಕೆಂಬ ನಿಯಮವನ್ನು ಮರೆಯುವವರು ಹೆಚ್ಚು. ಅದಕ್ಕೂ ಮೊದಲು ಕನ್ನಡದಲ್ಲೇ ಒಂದು ಉದ್ದನೆಯ ಟಿಪ್ಪಣಿ ಬರೆದಿಟ್ಟರೆ, 342 ಸಂಕೇತಗಳಲ್ಲಿ ಆ ಮಿತಿ ದಾಟಿಹೋಗುತ್ತದೆ. ಪದಸಂಸ್ಕಾರಕ ತಂತ್ರಾಂಶದಿಂದ ನಕಲು ಮಾಡಿದ ಮಾರ್ಕಪ್ಪಿನಲ್ಲಿ ನೇರ ಉದ್ಧರಣ ಚಿಹ್ನೆಗಳು ಬಾಗಿದ ಅಲಂಕಾರಿಕ ಚಿಹ್ನೆಗಳಾಗಿ ಬದಲಾಗಿರುವುದು ಇನ್ನೊಂದು ನಿತ್ಯದ ಪಜೀತಿ: ಮನುಷ್ಯರ ಕಣ್ಣಿಗೆ ಎರಡೂ ಒಂದೇ, ಬ್ರೌಸರಿಗೆ ಮಾತ್ರ ಬಾಗಿದ ಚಿಹ್ನೆಯು ಬರಿಯ ಒಂದು ಅಕ್ಷರ.

ಪುಟದ ಭಾಷೆಯನ್ನು ಹೇಳುವ ಲ್ಯಾಂಗ್ ಎಂಬ ಗುಣಲಕ್ಷಣದ ಕಥೆ ಇನ್ನೂ ಸೂಕ್ಷ್ಮ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕನ್ನಡದ ಸಂಕೇತ ಕೆ ಮತ್ತು ಎನ್ ಅಕ್ಷರಗಳ ಜೋಡಿ. ಕರ್ನಾಟಕದ ನೆನಪಿನಲ್ಲಿ ಕೆ, ಎ ಎಂದು ಬರೆದರೆ ಪುಟವು ಜಾರ್ಜಿಯಾ ದೇಶದ ಭಾಷೆಯಲ್ಲಿದೆ ಎಂದು ಸಾರಿದಂತಾಗುತ್ತದೆ, ಮತ್ತು ಅದು ಕೂಡ ಮಾನ್ಯ ಸಂಕೇತವೇ ಆದ್ದರಿಂದ ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ. ಇದಕ್ಕಿಂತ ಸಾಮಾನ್ಯವಾದದ್ದು ಸಿದ್ಧ ಮಾದರಿಯಲ್ಲಿದ್ದ ಇಂಗ್ಲಿಷಿನ ಸಂಕೇತವನ್ನು ಹಾಗೆಯೇ ಉಳಿಸುವುದು. ದೃಷ್ಟಿ ಇಲ್ಲದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವು ಈ ಸಂಕೇತವನ್ನು ನಂಬಿ ಧ್ವನಿಯನ್ನು ಆರಿಸುವುದರಿಂದ, ಕನ್ನಡದ ಲೇಖನವು ಇಂಗ್ಲಿಷ್ ಧ್ವನಿಯ ಪಾಲಾಗಿ ಅರ್ಥಹೀನವಾಗುತ್ತದೆ. ‘ರಾಜ್‌ಕುಮಾರ್’ ಎಂಬ ಹೆಸರು ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಸಂಕೇತ ಬಿದ್ದುಹೋದದ್ದನ್ನಂತೂ ಯಾವ ಪರಿಶೀಲಕವೂ ಹಿಡಿಯಲಾರದು. ಅಲ್ಲಿ ಕರಡು ತಿದ್ದುವವರ ಕಣ್ಣೇ ಬೇಕು.

ದೋಷಗಳ ವ್ಯಾಪ್ತಿಯ ಬಗ್ಗೆ ಎರಡು ಸಮೀಕ್ಷೆಗಳು ಪ್ರಸಿದ್ಧವಾಗಿವೆ. 2008ರಲ್ಲಿ ಒಪೆರಾ ಸಂಸ್ಥೆ ಸುಮಾರು 35 ಲಕ್ಷ ಪುಟಗಳನ್ನು ಪರಿಶೀಲಕಕ್ಕೆ ಒಡ್ಡಿದಾಗ ತೇರ್ಗಡೆಯಾದವು ಶೇ. 4.13 ಮಾತ್ರ. ಅಮೆರಿಕದ ವೆಬ್‌ಏಮ್ ಸಂಸ್ಥೆ 2019ರಿಂದ ಪ್ರತಿವರ್ಷ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಅಂಗವಿಕಲರ ಬಳಕೆಯ ದೃಷ್ಟಿಯಿಂದ ಪರೀಕ್ಷಿಸುತ್ತಿದ್ದು, 2024ರಲ್ಲಿ ಶೇ. 95.9ರಷ್ಟು ಪುಟಗಳಲ್ಲಿ ಲೋಪಗಳು ಕಂಡವು. ಚಿತ್ರಕ್ಕೆ ಪರ್ಯಾಯ ಪಠ್ಯವಿಲ್ಲದಿರುವುದು, ಅರ್ಜಿಯ ಖಾನೆಗೆ ಹೆಸರಿಲ್ಲದಿರುವುದು, ಪುಟದ ಭಾಷೆ ಘೋಷಿಸದಿರುವುದು ಅವುಗಳಲ್ಲಿ ಪ್ರಮುಖ. ಮೊದಲ ಸಮೀಕ್ಷೆಯ ಲೋಪಗಳಲ್ಲಿ ಅನೇಕವು ಈಗ ಯಾರಿಗೂ ಕೇಡು ಮಾಡುವುದಿಲ್ಲ. ಟ್ಯಾಗುಗಳು ವ್ಯಾಕರಣಬದ್ಧವಾಗಿ ಮುಚ್ಚಿರಬೇಕೆಂದು 2008ರಲ್ಲಿ ಪ್ರಕಟವಾದ ಜಾಲ ಸುಗಮ್ಯತೆಯ ಮಾರ್ಗಸೂಚಿಯ ಎರಡನೆಯ ಆವೃತ್ತಿ ಪ್ರತ್ಯೇಕ ಷರತ್ತನ್ನೇ ಇಟ್ಟಿತ್ತು. ಬ್ರೌಸರುಗಳ ರಿಪೇರಿ ಏಕರೂಪವಾದ ಮೇಲೆ ಅದು ಅನವಶ್ಯಕವೆಂದು 2023ರ ಅಕ್ಟೋಬರಿನಲ್ಲಿ ಬಂದ 2.2ನೇ ಆವೃತ್ತಿಯಿಂದ ಅದನ್ನು ಕೈಬಿಡಲಾಯಿತು.

ಆದರೆ ಆ ಷರತ್ತಿನ ಅಡಿಯಲ್ಲಿದ್ದ ಎಲ್ಲ ತಪ್ಪುಗಳೂ ನಿರಪಾಯವಾಗಲಿಲ್ಲ. ಅರ್ಜಿಯೊಂದರಲ್ಲಿ ಖಾನೆಯನ್ನು ನಕಲು ಮಾಡಿ ಇನ್ನೊಂದು ಖಾನೆ ಸೃಷ್ಟಿಸುವಾಗ ಐಡಿ ಎಂಬ ಗುರುತಿನ ಹೆಸರನ್ನು ಬದಲಿಸಲು ಮರೆತರೆ, ಒಂದೇ ಪುಟದಲ್ಲಿ ಒಂದೇ ಗುರುತಿನ ಎರಡು ಖಾನೆಗಳಾಗುತ್ತವೆ, ಮತ್ತು ಆ ಗುರುತಿಗೆ ಜೋಡಿಸಿದ ಹೆಸರುಗಳೆರಡೂ ನಿಯಮದಂತೆ ಮೊದಲ ಖಾನೆಗೇ ಅಂಟಿಕೊಳ್ಳುತ್ತವೆ. ‘ದೂರವಾಣಿ ಸಂಖ್ಯೆ’ ಎಂಬ ಪದವನ್ನು ಮುಟ್ಟಿದರೆ ವಿಳಾಸದ ಖಾನೆಯಲ್ಲಿ ಕರ್ಸರ್ ಮಿನುಗುತ್ತದೆ. ಕಣ್ಣಿದ್ದವರು ಗೊಣಗುತ್ತಾ ಸರಿಯಾದ ಖಾನೆಯನ್ನು ತಾವೇ ಮುಟ್ಟಿಕೊಳ್ಳುತ್ತಾರೆ, ಸ್ಕ್ರೀನ್ ರೀಡರನ್ನು ನಂಬಿದವರಿಗೆ ಎರಡನೆಯ ಖಾನೆ ಹೆಸರಿಲ್ಲದ ಖಾನೆಯಾಗಿಯೇ ಕೇಳಿಸುತ್ತದೆ.