ಎಲ್ಲ ಹೊಟ್ಟೆನೋವೂ ಗ್ಯಾಸ್ ಅಲ್ಲ

ನಾನು ಕಾಮರ್ಸ್ ವಿದ್ಯಾರ್ಥಿನಿ. ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೂ ಹೊಟ್ಟೆಯ ಹುಣ್ಣಿನ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ ನಮ್ಮ ಅಬ್ಬಾ.

ಕಳೆದ ವರ್ಷ ಅವರಿಗೆ ಹೊಕ್ಕುಳಿನ ಮೇಲ್ಭಾಗದಲ್ಲಿ ಉರಿ ಶುರುವಾಯಿತು. ರಾತ್ರಿ ಹೊಟ್ಟೆ ಖಾಲಿಯಾದಾಗ ಎದ್ದು ಕೂರುತ್ತಿದ್ದರು. ಏನಾದರೂ ತಿಂದರೆ ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ಸಾಲನ್‌ಗೆ ಖಾರ ಜಾಸ್ತಿ ಹಾಕಿದೆನೇನೋ ಎಂದು ಅಮ್ಮಿ ತಮ್ಮನ್ನೇ ದೂರಿಕೊಂಡರು. ಅಬ್ಬಾ ಮಾತ್ರ "ಗ್ಯಾಸ್ ಅಷ್ಟೇ" ಎಂದು ಮೆಡಿಕಲ್ ಅಂಗಡಿಯ ಮಾತ್ರೆ ನುಂಗುತ್ತಿದ್ದರು. ಒಂದು ದಿನ ಮಲ ಡಾಂಬರಿನಂತೆ ಕಪ್ಪಾಗಿದೆ ಎಂದು ನಾಚಿಕೊಂಡೇ ಹೇಳಿದರು. ತಕ್ಷಣ ಆಸ್ಪತ್ರೆಗೆ ಹೋದೆವು. ಎಂಡೋಸ್ಕೋಪಿ ಮಾಡಿದಾಗ ರಕ್ತ ಒಸರುವ ಹುಣ್ಣು ಕಂಡಿತು.

ಕಾರಣ ಖಾರವಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಎಂದರು ವೈದ್ಯರು. ಜಠರದಲ್ಲಿ ಆಮ್ಲವಿದ್ದರೂ ಇದು ಸಾಯುವುದಿಲ್ಲ. ತನ್ನ ಸುತ್ತ ಅಮೋನಿಯಾ ಉತ್ಪಾದಿಸಿ ಆಮ್ಲವನ್ನು ತಗ್ಗಿಸಿಕೊಳ್ಳುತ್ತದೆ. ಜಠರದ ಒಳಪದರ ದುರ್ಬಲವಾದಾಗ ಆಮ್ಲ ಅಲ್ಲಿ ಹುಣ್ಣು ಮಾಡುತ್ತದೆ. ಹಲವರಿಗೆ ಇದು ಬಾಲ್ಯದಲ್ಲೇ ಅಂಟಿರುತ್ತದೆ, ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ.

ಮೊದಲು ವೈದ್ಯರೂ ಚಿಂತೆ, ಖಾರ ಮತ್ತು ಆಮ್ಲವೇ ಕಾರಣವೆಂದು ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಗಿ, ಜಠರದಲ್ಲಿ ಉರಿಯೂತ ಕಂಡಿತು. ಅವರಿಗೂ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಇದನ್ನು ಓದಿ ಹೇಳಿದಾಗ ಅಮ್ಮಿಗೆ ಸಮಾಧಾನವಾಯಿತು.

ಮೇಲ್ಹೊಟ್ಟೆಯ ಉರಿ, ಹೊಟ್ಟೆ ಉಬ್ಬರ, ತೇಗು, ವಾಕರಿಕೆ, ಹಸಿವಾಗದಿರುವುದು ಪದೇಪದೇ ಬಂದರೆ ವೈದ್ಯರಿಗೆ ತೋರಿಸಿ. ಕಪ್ಪು ಮಲ, ರಕ್ತ ಅಥವಾ ಕಾಫಿಪುಡಿಯಂತಹ ವಾಂತಿ, ತಟ್ಟನೆ ಬರುವ ತೀವ್ರ ನೋವು ಇದ್ದರೆ ಒಂದು ಗಂಟೆಯೂ ಕಾಯಬೇಡಿ. ನೋವಿನ ಮಾತ್ರೆಗಳನ್ನು ಹೆಚ್ಚು ದಿನ ನುಂಗಿದರೂ ಹುಣ್ಣಾಗಬಹುದು. ಹುಣ್ಣಿರುವವರು ರೋಜಾ ಇಡುವ ಮುನ್ನ ವೈದ್ಯರನ್ನು ಕೇಳಬೇಕು.

ಉಸಿರು ಅಥವಾ ಮಲದ ಪರೀಕ್ಷೆಯಿಂದಲೂ ಈ ಬ್ಯಾಕ್ಟೀರಿಯಾ ಪತ್ತೆಯಾಗುತ್ತದೆ. ಅಬ್ಬಾಗೆ ಆಂಟಿಬಯೋಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಗಳನ್ನು 14 ದಿನಕ್ಕೆ ಕೊಟ್ಟರು. ಐದನೇ ದಿನ ಉರಿ ಕಡಿಮೆಯಾಯಿತೆಂದು ನಿಲ್ಲಿಸಲು ಹೊರಟರು. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗಬಹುದು. ನಾನು ಕ್ಯಾಲೆಂಡರ್‌ನಲ್ಲಿ ಲೆಕ್ಕ ಬರೆದು, ದಿನವೂ ಟಿಕ್ ಹಾಕಿ, 14 ದಿನ ಮುಗಿಸಿದೆ. ಆಮೇಲಿನ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ.

ಗೆಳೆಯರೇ, ಮನೆಯಲ್ಲಿ ದೊಡ್ಡವರು ನಾಚಿಕೆಯಿಂದ ಹೇಳದೇ ಇರಬಹುದು. ನಾವೇ ಕೇಳೋಣ.